ಅಂಚಿನಲ್ಲೊಂದು ಬಿಳಿ ಸುಳಿ

ಯಾವ ಛಾಯಾಚಿತ್ರವನ್ನೂ ನಾನು ನೋಡತೊಡಗುವುದು ಅಂಚಿನಿಂದ. ನಡುವಿನಲ್ಲಿರುವುದನ್ನು ಛಾಯಾಗ್ರಾಹಕ ಹೇಗೂ ತೋರಿಸುತ್ತಾನೆ. ಅವನ ಗಮನಕ್ಕೆ ಬಾರದೆ ಒಳಗೆ ಬಂದು ಕೂತದ್ದು ಅಂಚಿನಲ್ಲಿ ಸಿಗುತ್ತದೆ. ಕ್ಯಾಲೆಂಡರು, ಪೋಸ್ಟರುಗಳಲ್ಲಿ ನೋಡಿ ನೋಡಿ ಸವೆದಂತಾಗಿರುವ ಇಡೀ ಭೂಮಿಯ ಚಿತ್ರ, ‘ಬ್ಲೂ ಮಾರ್ಬಲ್’ ಅನ್ನು ಈ ವಾರ ಹಾಗೆ ನೋಡೋಣ.

1972ರ ಡಿಸೆಂಬರ್ 7. ಚಂದ್ರನತ್ತ ಅಪೊಲೊ 17 ನೌಕೆ ಹೊರಟು ಸುಮಾರು ಐದು ಗಂಟೆಯಾಗಿತ್ತು. ಭೂಮಿ 29,000 ಕಿ.ಮೀ.ಯಷ್ಟು ಹಿಂದೆ ಉಳಿದಿತ್ತು. ನೌಕೆಯಲ್ಲಿದ್ದದ್ದು ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ, 80 ಮಿ.ಮೀ. ಝೈಸ್ ಲೆನ್ಸು. ಅದರಲ್ಲಿದ್ದ ಗಗನಯಾತ್ರಿಗಳಾದ ಸರ್ನನ್, ಇವಾನ್ಸ್, ಶ್ಮಿಟ್ ಮೂವರಿಗೂ ನಾಸಾ ಈ ಚಿತ್ರದ ಶ್ರೇಯ ಕೊಟ್ಟಿದೆ. ಸೂರ್ಯ ಬೆನ್ನ ಹಿಂದಿದ್ದ. ಅದಕ್ಕೇ ಭೂಮಿ ಎಲ್ಲೂ ಮುಕ್ಕಾಗದೆ ಹುಣ್ಣಿಮೆಯ ಹಾಗೆ ತುಂಬಿಕೊಂಡಿದೆ. ಡಿಸೆಂಬರ್ ಎಂದರೆ ದಕ್ಷಿಣಾರ್ಧಕ್ಕೆ ಬೇಸಿಗೆ. ಅಂಟಾರ್ಕ್ಟಿಕಾದ ಹಿಮ ಬಿಸಿಲಿಗೆ ಹೊಳೆಯುತ್ತಿದೆ. ಅಪೊಲೊ ಯಾನಗಳಲ್ಲಿ ದಕ್ಷಿಣ ಧ್ರುವದ ಹಿಮ ಸೆರೆಯಾದದ್ದು ಇದೇ ಮೊದಲು. ಮೂಲ ಫ್ರೇಮಿನಲ್ಲಿ ದಕ್ಷಿಣವೇ ಮೇಲಿತ್ತು. ನಕಾಶೆಗೆ ಒಗ್ಗಿದ ಕಣ್ಣುಗಳಿಗಾಗಿ ಅದನ್ನು ತಿರುಗಿಸಿ ಅಚ್ಚುಹಾಕಿದರು. ಒಮ್ಮೆ ತಲೆಕೆಳಗಾಗಿ ಹಿಡಿದು ನೋಡಿ. ಆಫ್ರಿಕಾದ ಗುರುತು ಹತ್ತುವ ಮೊದಲೇ ಕಣ್ಣು ಮೋಡಗಳ ಹಿಂದೆ ಹೋಗುತ್ತದೆ.

ಈಗ ಚಿತ್ರವನ್ನು ನೇರ ಮಾಡಿ ಬಲಗಡೆಯ ಮೇಲಂಚಿಗೆ ಬನ್ನಿ. ಅಲ್ಲೊಂದು ಬಿಳಿ ಸುಳಿ ಇದೆ. ಎರಡು ದಿನ ಮೊದಲು, ಡಿಸೆಂಬರ್ 5ರಂದು, ತಮಿಳುನಾಡಿಗೆ ಬಿರುಗಾಳಿ, ನೆರೆ ತಂದ ಚಂಡಮಾರುತ ಅದು. ಇಷ್ಟು ವರ್ಷ ಬರಿಯ ಅಲಂಕಾರವೆಂದು ದಾಟಿಹೋದ ಬಿಳುಪು, ನಮ್ಮ ನೆರೆಯವರ ಮನೆಗಳ ಮೇಲೆ ಸುರಿದ ಮಳೆ.

2002ರಲ್ಲಿ ನಾಸಾ ಇದೇ ಹೆಸರಿನ ಇನ್ನೊಂದು ಚಿತ್ರ ತಂದಿತು. ಟೆರ್ರಾ ಉಪಗ್ರಹ ತಿಂಗಳುಗಟ್ಟಲೆ ಕಂಡದ್ದನ್ನೆಲ್ಲ ಸೇರಿಸಿ ಹೊಲಿದ ಕೌದಿ ಅದು. ಸೊಗಸಾಗಿದೆ, ಸ್ಪಷ್ಟವಾಗಿದೆ, ಆದರೆ ಅದಕ್ಕೆ ತಾರೀಖಿಲ್ಲ. 2015ರಲ್ಲಿ ಡಿಸ್ಕವರ್ ಉಪಗ್ರಹದ ಎಪಿಕ್ ಕ್ಯಾಮೆರಾ 15 ಲಕ್ಷ ಕಿ.ಮೀ. ದೂರದಿಂದ ಬೆಳಗಿದ ಭೂಮಿಯನ್ನು ತೋರಿಸತೊಡಗಿತು. ಅಲ್ಲಿ ದಿನ, ಗಂಟೆ ಎಲ್ಲವೂ ಇವೆ. ಅದನ್ನು ನಾನು ನೋಡುವುದೂ ಮೋಡಗಳಿಗಾಗಿಯೇ.

ಇಡೀ ಭೂಮಿಯ ಚಿತ್ರವನ್ನು ಲಾಂಛನದಂತೆ ತೂಗುಹಾಕಿ ಮರೆಯಬೇಡಿ. ಅದರ ತಾರೀಖು ಓದಿ, ಋತು ಓದಿ, ಮೋಡ ಓದಿ. ಆ ಮೂವರು ಕಿಟಕಿಗೆ ಮುಖವಿಟ್ಟು ಬೆರಗಾಗಿದ್ದ ಹೊತ್ತಿಗೆ, ಆ ಸುಳಿ ಹಾದುಹೋದ ದಾರಿಯಲ್ಲಿ ಯಾರೋ ನೆನೆದ ಭತ್ತವನ್ನು ಹರವಿ, ಬಿಸಿಲು ಬಂದೀತೇ ಎಂದು ಆಕಾಶ ನೋಡುತ್ತಿದ್ದಿರಬೇಕು.