ಪೆಟ್ಟಿಗೆ ಕೂಗದಿದ್ದಾಗ

ಗುಂಡ್ಲುಪೇಟೆ ಬಸ್ ನಿಲ್ದಾಣದ ಬಳಿ ಎರಡು ಮೊಳ ಹೂವು ಕೊಂಡು, ಫೋನಿನಿಂದ 40 ರೂಪಾಯಿ ಕಳಿಸಿದೆ. ಹೂವಿನಮ್ಮ ನನ್ನ ಫೋನಿನತ್ತ ಕಣ್ಣೂ ಹಾಯಿಸಲಿಲ್ಲ. "ಇನ್ನೂ ಕೂಗ್ನಿಲ್ಲ ಕಣಣ್ಣ, ತಡಿ" ಎಂದು ಪೊಟ್ಟಣ ಹಿಡಿದೇ ಇದ್ದರು. ಸೌಂಡ್ ಬಾಕ್ಸ್ ಕನ್ನಡದಲ್ಲಿ ಮೊತ್ತ ಕೂಗಿದ ಮೇಲೆ ಪೊಟ್ಟಣ ನನ್ನ ಕೈಗೆ ಬಂತು.

2016ರಲ್ಲಿ ಶುರುವಾದ ಯುಪಿಐ ಹೂವಿನ ಬುಟ್ಟಿಯವರೆಗೂ ಬಂದಿದೆ. ಚಿಲ್ಲರೆ ತಕರಾರು ತಗ್ಗಿದೆ. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವವರಿಂದ ಓದು ಬಾರದವರನ್ನೂ ಈ ಪೆಟ್ಟಿಗೆ ಕಾಯುತ್ತದೆ. ಇದನ್ನು ಮನಸಾರೆ ಮೆಚ್ಚಬೇಕು.

ಆದರೆ ಪೆಟ್ಟಿಗೆ ಮಾತಾಡುವುದು ದುಡ್ಡು ಬಂದಾಗ ಮಾತ್ರ. ಚಾಮರಾಜನಗರದ ದಿನಸಿ ಅಂಗಡಿಯೊಂದರಲ್ಲಿ ನನ್ನ ಖಾತೆಯಿಂದ 640 ರೂಪಾಯಿ ಕಡಿತವಾಯಿತು, ಪೆಟ್ಟಿಗೆ ಕೂಗಲಿಲ್ಲ. ಬ್ಯಾಂಕಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವುದರಲ್ಲೇ ಕರೆ ಮುಗಿಯಿತು. ಅಂಗಡಿಯವರೇ "ಇರ್ಲಿ ಸಾರ್, ಬಂದಾಗ ಕೊಡಿ" ಎಂದು ಸಾಮಾನು ಕೊಟ್ಟರು. ಮೂರನೇ ದಿನ ಹಣ ನನ್ನ ಖಾತೆಗೆ ಮರಳಿತು. ಹೋಗಿ ಕೊಟ್ಟು ಬಂದೆ. ಆ ಮೂರು ದಿನ ವ್ಯವಸ್ಥೆಯ ಮಾನ ಉಳಿಸಿದ್ದು ಅಂಗಡಿಯವರ ಹಳೆಯ ಪರಿಚಯ.

ನಿಯಮವೇನೋ ಇದೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ, ಅಂಗಡಿಗೆ ಕಟ್ಟಿದ ಯುಪಿಐ ಹಣ ಹೀಗೆ ಸಿಕ್ಕಿಕೊಂಡರೆ 5 ದಿನದೊಳಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ಕೇಳದೆಯೇ. ಇಷ್ಟು ಒಳ್ಳೆಯ ನಿಯಮ ನಾನು ನೋಡಿದ ಯಾವ ಕ್ಯೂಆರ್ ಫಲಕದ ಮೇಲೂ ಇರಲಿಲ್ಲ.

ನಂಬಿಕೆಗೆ ಇನ್ನೊಂದು ಪೆಟ್ಟು ಬಿದ್ದದ್ದು 2025ರ ಜುಲೈನಲ್ಲಿ. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದನ್ನು ಮೊದಲೇ ತಿಳಿಹೇಳಿದ್ದರೆ ಅಷ್ಟು ದಿಗಿಲು ಹುಟ್ಟುತ್ತಿರಲಿಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಹೋಗಿ 'ನಗದು ಮಾತ್ರ' ಎಂಬ ಚೀಟಿ ಬಂತು. ಕೊನೆಗೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು.

ಜನ ನಂಬಿದ್ದಾರೆ, ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಬ್ಯಾಂಕು, ಸರ್ಕಾರಗಳದು. ಪ್ರತಿ ಕ್ಯೂಆರ್ ಕೆಳಗೆ ಕನ್ನಡದಲ್ಲಿ ಮೂರು ಸಾಲು ಅಚ್ಚಾಗಲಿ: ಹಣ ಪಡೆಯಲು ಪಿನ್ ಬೇಡ; ಮೋಸವಾದರೆ ತಕ್ಷಣ 1930ಕ್ಕೆ ಕರೆ ಮಾಡಿ; ಸಿಕ್ಕಿಕೊಂಡ ಹಣ 5 ದಿನದಲ್ಲಿ ಮರಳಬೇಕು. ಓದಲು ಬಾರದ ಹೂವಿನಮ್ಮನಿಗೆ ಆ ಪೆಟ್ಟಿಗೆಯೇ ಇದನ್ನೂ ಕೂಗಿ ಹೇಳಲಿ.