ಎರಡು ಗ್ರಾಂ, ಹನ್ನೆರಡು ಗಂಟೆಗೊಮ್ಮೆ

ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದ 2016ರ ಆ್ಯಂಟಿಬಯಾಟಿಕ್ ಮಾರ್ಗಸೂಚಿ ವಯಸ್ಕರ ಬ್ಯಾಕ್ಟೀರಿಯಾ ಮೆನಿಂಜೈಟಿಸ್‌ಗೆ ಕೊಟ್ಟಿರುವುದು ಕೆಲವೇ ಸಾಲು. ಆದರೆ ದಿಟ್ಟ ಸಾಲುಗಳು: ಸೆಫ್ಟ್ರಿಯಾಕ್ಸೋನ್ 2 ಗ್ರಾಂ, 12 ಗಂಟೆಗೊಮ್ಮೆ, 10ರಿಂದ 14 ದಿನ, ಸ್ಕ್ಯಾನಿಂಗಿಗಾಗಲಿ ಬೆನ್ನುನೀರಿನ ವರದಿಗಾಗಲಿ ಕಾಯದೆ, ಸಾಧ್ಯವಾದರೆ ಅರ್ಧ ಗಂಟೆಯೊಳಗೆ ಶುರು ಮಾಡಿ.

ಸೊರಗುವುದು ಆ ‘2 ಗ್ರಾಂ’. ನ್ಯುಮೋನಿಯಾಕ್ಕೆ ದಿನಕ್ಕೆ ಒಂದೆರಡು ಗ್ರಾಂ ಸಾಕು. ವಯಲ್ ಕೂಡ ಹೆಚ್ಚಾಗಿ 1 ಗ್ರಾಮಿನದೇ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಕೈ ತಾನಾಗಿ ಬರೆದುಬಿಡಬಹುದು. ಮೆನಿಂಜೈಟಿಸ್‌ಗೆ ಅದು ಅರ್ಧ ಡೋಸ್. ರಕ್ತದಲ್ಲಿರುವ ಈ ಔಷಧದ ಸಣ್ಣ ಪಾಲು ಮಾತ್ರ ಮಿದುಳಿನ ಸುತ್ತಲ ದ್ರವಕ್ಕೆ ದಾಟುತ್ತದೆ. ಉರಿಯೂತವಿದ್ದಾಗ ತುಸು ಹೆಚ್ಚು, ಅದು ಇಳಿದಂತೆ ಮತ್ತೆ ಕಡಿಮೆ. ಜ್ವರ ಬಿಟ್ಟಿತೆಂದು ಡೋಸ್ ಇಳಿಸುವುದು ಹಾಗಾಗಿ ತಲೆಕೆಳಗಾದ ಲೆಕ್ಕ.

ವ್ಯಾಂಕೊಮೈಸಿನ್ ಮೊದಲಿಗೇ ಬೇಡ, ಸೆಫ್ಟ್ರಿಯಾಕ್ಸೋನಿಗೆ ಬಗ್ಗದ ನ್ಯುಮೊಕಾಕಸ್ ಇಲ್ಲಿ ವಿರಳ ಎನ್ನುತ್ತದೆ ಮಾರ್ಗಸೂಚಿ. ಅಮೆರಿಕದ ಪಟ್ಟಿಯನ್ನು ಕಣ್ಣುಮುಚ್ಚಿ ನಕಲು ಮಾಡದ ಈ ಧೈರ್ಯ ನನಗೆ ಮೆಚ್ಚುಗೆ. ಲಿಸ್ಟೀರಿಯಾ ಅಪರೂಪ, ಆಂಪಿಸಿಲಿನ್ ಬೇಡ ಎನ್ನುವುದನ್ನು ಮಾತ್ರ ಒಪ್ಪಲಾರೆ. ಕಲ್ಚರ್ ಮಾಡದ ಕಡೆ ಅಪರೂಪ ಎನ್ನುವುದೂ ಒಂದು ಊಹೆಯೇ. ಆ ಬ್ಯಾಕ್ಟೀರಿಯಾಕ್ಕೆ ಸೆಫ್ಟ್ರಿಯಾಕ್ಸೋನ್ ನಾಟುವುದೇ ಇಲ್ಲ. ಅದೇ 2016ರ ಯುರೋಪಿನ ಮಾರ್ಗಸೂಚಿ 50 ದಾಟಿದವರಿಗೆ ಆಂಪಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಸೇರಿಸುತ್ತದೆ.

ಇನ್ನು ಆ ಅರ್ಧ ಗಂಟೆ. ಹೊಸದುರ್ಗದಲ್ಲೋ ಹೊಳಲ್ಕೆರೆಯಲ್ಲೋ ‘ದುರ್ಗಕ್ಕೆ ಕರ್ಕೊಂಡೋಗಿ’ ಎಂದರೆ 108 ಆಂಬುಲೆನ್ಸ್ ಚಿತ್ರದುರ್ಗದ ಜಿಲ್ಲಾಸ್ಪತ್ರೆ ಮುಟ್ಟುವುದರೊಳಗೆ ಅದು ಮುಗಿದಿರುತ್ತದೆ. ಹಿರಿಯೂರಿನಿಂದ ಹೆದ್ದಾರಿ ಹಿಡಿದು ನೇರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೊರಟರಂತೂ ಗಂಟೆಗಳ ಮಾತು. ಮೊದಲೇ ಇಂಜೆಕ್ಷನ್ ಕೊಟ್ಟರೆ ಕಲ್ಚರ್ ಕೆಡುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ, ಆದರೆ ಹಗುರ: ರಕ್ತದ ಮಾದರಿ ತೆಗೆದಿಟ್ಟು ಕೊಡಬಹುದು, ಬೆನ್ನುನೀರಿನ ಜೀವಕೋಶ, ಪ್ರೋಟೀನ್, ಸಕ್ಕರೆ ಆಮೇಲೂ ಸಾಕ್ಷಿ ಹೇಳುತ್ತವೆ. (ಬೆನ್ನುನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆಂಬ ಭಯಕ್ಕೆ ಮನೆಯವರನ್ನು ಒಪ್ಪಿಸುವುದೇ ಅರ್ಧ ದಿನ.)

ಡೆಕ್ಸಾಮೆಥಾಸೋನ್ ಕೂಡ ಈ ಮೊದಲ ಗಳಿಗೆಯದೇ: 10 ಮಿಲಿಗ್ರಾಂ, ಆ್ಯಂಟಿಬಯಾಟಿಕ್‌ಗೆ ಮುಂಚೆ ಅಥವಾ ಜೊತೆಗೆ, 6 ಗಂಟೆಗೊಮ್ಮೆ, 4 ದಿನ. 2002ರಲ್ಲಿ ಪ್ರಕಟವಾದ, 301 ರೋಗಿಗಳ ಯುರೋಪಿನ ಅಧ್ಯಯನದಲ್ಲಿ ಸಾವು ಶೇ 15ರಿಂದ 7ಕ್ಕೆ ಇಳಿಯಿತು. ಮಲಾವಿಯ ಅಧ್ಯಯನದಲ್ಲಿ ಮಾತ್ರ ಲಾಭ ಕಾಣಲಿಲ್ಲ. ಡೋಸೂ ಹೊತ್ತೂ ಇಷ್ಟು ಮುಖ್ಯವಾದ್ದರಿಂದ ತಾಲ್ಲೂಕಿನ ರೆಫರಲ್ ಚೀಟಿಯಲ್ಲಿ ನಾನು ಮೊದಲು ಹುಡುಕುವುದು ರೋಗದ ಹೆಸರನ್ನಲ್ಲ. ಎಷ್ಟು ಗ್ರಾಂ, ಎಷ್ಟು ಗಂಟೆಗೆ ಕೊಟ್ಟರು ಎಂಬುದನ್ನು.