ಬಾಗಿಲು ಬ್ಯಾರೆ, ಮನಿ ಒಂದ

ಬಾಗಲಕೋಟಿಯಾಗ ಯಾವ ಕಚೇರಿಗೆ ಹೋದ್ರೂ, ಅನ್ಯಾಯ ಆಗಿದ್ರ ಅರ್ಜಿ ಕೊಡ್ರಿ ಅಂತಾರ. ಕೊಟ್ಟದ್ದನ್ನು ಓದೋರು ಯಾರು? ಇದನ್ನು ಕೇಳದೆ ಕಾನೂನನ್ನು ಹೊಗಳಲಾಗದು.

ಹುನಗುಂದದ ಕೂಲಿಕಾರನೊಬ್ಬನ ಜಾತಿ ಪ್ರಮಾಣಪತ್ರ ಗಡುವಿನೊಳಗೆ ಬರಲಿಲ್ಲ ಎನ್ನೋಣ. 2011ರ ಸಕಾಲ ಕಾಯ್ದೆಯಲ್ಲಿ ತಡವಾದ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಕೂಲಿ ಬಿಟ್ಟು ಬಂದವನ ದಿನಕ್ಕೆ ಕಟ್ಟಿದ ಬೆಲೆ ಇದು! ಅದನ್ನು ಪಡೆಯಲಿಕ್ಕೂ ಮೇಲಧಿಕಾರಿಯ ಮುಂದೆ ಮತ್ತೊಂದು ಅರ್ಜಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲೂ ಮೊದಲ ಮೇಲ್ಮನವಿ ಅದೇ ಕಚೇರಿಯ ಹಿರಿಯನಿಗೇ. ತಮ್ಮನ ಮ್ಯಾಲಿನ ದೂರು ಅಣ್ಣಗ ಹೇಳಿದಂಗ.

ಹೊರಗೆ ನಿಂತದ್ದು ಲೋಕಾಯುಕ್ತ. 1984ರ ಕಾಯ್ದೆ ಅದಕ್ಕೆ ವಿಚಾರಣೆಯ ಅಧಿಕಾರ ಕೊಟ್ಟಿತು, ಶಿಕ್ಷೆಯ ಅಧಿಕಾರ ಕೊಡಲಿಲ್ಲ. ವರದಿ ಸರ್ಕಾರದ ಮೇಜಿಗೇ ಹೋಗಬೇಕು. ಅದರ ಪೊಲೀಸರ ಕೈಲಿದ್ದ ಭ್ರಷ್ಟಾಚಾರದ ತನಿಖೆಯನ್ನೂ 2016ರಲ್ಲಿ ಸರ್ಕಾರ ಕಿತ್ತುಕೊಂಡು, ತನ್ನ ಕೈಕೆಳಗಿನ ಎಸಿಬಿಗೆ ಕೊಟ್ಟಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನೇ ರದ್ದುಮಾಡಿತು. ಆಳುವವರು ಯಾವುದಕ್ಕೆ ಅಂಜತಾರ ಅನ್ನೋದು ಇದರಾಗ ತಿಳೀತದ.

ಹಂಗಂತ ಈ ಕಾನೂನುಗಳನ್ನು ಬಿಸಾಡಬೇಕಿಲ್ಲ. ಬರೆಯಲು ಬಾರದವರ ಬಾಯಿಮಾತನ್ನು ಬರಹಕ್ಕಿಳಿಸಲು ಅಧಿಕಾರಿ ನೆರವಾಗಬೇಕೆಂದು ಮಾಹಿತಿ ಹಕ್ಕು ಹೇಳುತ್ತದೆ. ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿ, ಬಾಯಲ್ಲಿ ಹೇಳಿದ ದೂರನ್ನು ಬರೆದು, ಓದಿ ಹೇಳಿ, ಆಮೇಲೆ ಸಹಿ ಪಡೆಯುವುದನ್ನು ಕರ್ತವ್ಯವೆಂದಿತು. ಇಳಕಲ್ಲಿನಲ್ಲಿ ಸೀರೆ ನೇಯುವವಳಿಗೂ ಬಾದಾಮಿಯ ಕಲ್ಲು ಒಡೆಯುವವನಿಗೂ ಈ ಕಲಮು ಗೊತ್ತಿರಬೇಕು. ದೂರು ಕೇಳುವ ಎಲ್ಲ ಕಚೇರಿಗೂ ಇದೇ ಕಲಮು ಬರಬೇಕು. ಅಲ್ಲೀತನಕ, “ನಾ ಹೇಳತೀನಿ, ನೀವು ಬರಕೋರಿ” ಅಂತ ಅವರು ಮೇಜಿನ ಮುಂದೆ ನಿಂತಾಗ, ನಾಲ್ಕಕ್ಷರ ಕಲಿತ ನಾವು ಬಾಜೂಕ ನಿಲ್ಲೋಣ.